ವಸಡಿನ ರಕ್ತಕ್ಕೆ ಲವಂಗದೆಣ್ಣೆ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯ ಮೂಲೆಯಲ್ಲಿ ವಸಡಿನ ರಕ್ತಕ್ಕೆ ಮನೆಮದ್ದು ಎಂದು ಅಂಗೈಯಗಲದ ಬರಹ ಬಂದಿತ್ತು. ಲವಂಗದೆಣ್ಣೆ ಹಚ್ಚಿ, ಉಪ್ಪುನೀರು ಮುಕ್ಕಳಿಸಿ, ಮೈ ತಂಪಾಗಲು ಮಜ್ಜಿಗೆ ಕುಡಿಯಿರಿ, ರಕ್ತ ನಿಲ್ಲುವ ತನಕ ಬ್ರಷ್ ಮುಟ್ಟದೆ ಬೆರಳಿನಿಂದಲೇ ತಿಕ್ಕಿ ಅಂತ. ನಾನು ಅದನ್ನು ನೋಡಿರಲೇ ಇಲ್ಲ. ನಮ್ಮ ವೈನಿ, ಅಂದರೆ ಅತ್ತಿಗೆ, ಕತ್ತರಿಸಿಕೊಂಡು ಬಂದು ಮುಖದ ಮುಂದೆ ಹಿಡಿದರು. ‘ನೋಡವಾ, ನಾ ಹೇಳಿದ್ದ ಪೇಪರಿನ್ಯಾಗೂ ಬಂದೈತಿ. ನೀ ಸುಮ್ನ ಬೆಳಗಾವಿಗೆ ಅಡ್ಡಾಡಿ ರೊಕ್ಕ ಹಾಳ ಮಾಡಿದಿ.’

ಆ ನಾಲ್ಕನ್ನೂ ನಾನು ಏಳು ವರ್ಷ ಮಾಡಿದ್ದೇನೆ. ಮಾಡಿ ಮೂರು ಹಲ್ಲು ಕಳೆದುಕೊಂಡಿದ್ದೇನೆ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ಗೊತ್ತು. ಕತ್ತರಿಸುವುದಿದ್ದರೆ ನನ್ನ ಮನೆಯ ಸುದ್ದಿ ಕತ್ತರಿಸಿ, ಡಾಕ್ಟರು ಹೇಳಿದ್ದನ್ನು ಉಳಿಸಿಕೊಳ್ಳಿ.

ನಾನು ಬೈಲಹೊಂಗಲದಲ್ಲಿ 18 ವರ್ಷದಿಂದ ರೊಟ್ಟಿ ಮಾಡಿ ಮಾರುವವಳು. ಜೊತೆಗೆ ಆರು ಜನ ಹೆಣ್ಣುಮಕ್ಕಳಿದ್ದಾರೆ. ಬನದ ಹುಣ್ಣಿಮೆಯಿಂದ ಭರತ ಹುಣ್ಣಿಮೆಯ ತನಕ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಬುತ್ತಿಗೆ ಖಡಕ್ ರೊಟ್ಟಿ ಒಯ್ಯುತ್ತಾರೆ. ಆ ಒಂದು ತಿಂಗಳು ಬೆಳಗಿನ ನಾಲ್ಕಕ್ಕೇ ಒಲೆ ಹೊತ್ತಬೇಕು. ಖಡಕ್ ರೊಟ್ಟಿ ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣು ಸಾಲದು. ಅಂಚು ಮುರಿದು ಮುಂದಿನ ಹಲ್ಲಿನಲ್ಲಿ ಕಚ್ಚಬೇಕು. ಹಪ್ಪಳದಂತೆ ‘ಕಟ್’ ಅಂದರೆ ಡಬ್ಬಿಗೆ. ನಾರಿನಂತೆ ಜಗ್ಗಿದರೆ ಮತ್ತೆ ಹಂಚಿನ ಬದಿಗೆ. ಈ ಕೆಲಸ ನಾನು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಎರಡು ವರ್ಷದ ಹಿಂದೆ, ಬನದ ಹುಣ್ಣಿಮೆಗೆ ಎಂಟು ದಿನ ಇರುವಾಗ, ಹಾಗೆ ಕಚ್ಚಿದೆ. ‘ಕಟ್’ ಅನ್ನಲಿಲ್ಲ. ರೊಟ್ಟಿ ಹಾಗೇ ಇತ್ತು, ಕೆಳಗಿನ ಮುಂದಿನ ಹಲ್ಲೇ ನಾಲಿಗೆಯ ಕಡೆ ವಾಲಿತು. ನೋವಿಲ್ಲ. ಬೇಲಿಯ ಗೂಟವನ್ನು ಕೈಯಿಂದ ದೂಡಿದಂತೆ, ಅಷ್ಟೇ.

ನೋವಿಲ್ಲದ್ದೇ ಈ ರೋಗದ ಕಪಟ. ಹುಳುಕು ಹಲ್ಲು ರಾತ್ರಿ ನಿದ್ದೆ ಕೆಡಿಸಿ ಬೆಳಗಾಗುವುದರೊಳಗೆ ಡಾಕ್ಟರ ಬಾಗಿಲಿಗೆ ಓಡಿಸುತ್ತದೆ. ವಸಡಿನ ರೋಗ ವರ್ಷಗಟ್ಟಲೆ ಮನೆಯಲ್ಲೇ ಇದ್ದು, ಊಟ ಮಾಡಿ, ಹೇಳದೆ ಹೋಗುತ್ತದೆ. ಹೋಗುವಾಗ ಹಲ್ಲು ಒಯ್ಯುತ್ತದೆ.

ಗುರುತು ಇರಲಿಲ್ಲ ಅಂತಲ್ಲ. ಏಳು ವರ್ಷ ಬೆಳಿಗ್ಗೆ ಉಗುಳಿದರೆ ನೊರೆ ಗುಲಾಬಿ ಬಣ್ಣ. ‘ಉಷ್ಣ ಆಗೇತಿ, ಥಣ್ಣಂದ ಏನರ ಕುಡಿ’ ಎಂದು ವೈನಿ. ಒಲೆಯ ಮುಂದೆ ಕೂರುವವಳಿಗೆ ಉಷ್ಣವೆಂದರೆ ನಂಬಲೇಬೇಕಲ್ಲ, ನಂಬಿದೆ. ಮಜ್ಜಿಗೆ ಕುಡಿದೆ, ಸೊಗದೆ ಬೇರಿನ ನೀರು ಕುಡಿದೆ. ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ತಿಕ್ಕಿದೆ. ಎಲ್ಲಿ ಹೊಲಸು ಕೂತಿತ್ತೋ ಅಲ್ಲಿಗೇ ಬ್ರಷ್ ಹೋಗದಂತೆ ಏಳು ವರ್ಷ ಕಾವಲು ಕಾದೆ ಅನ್ನಿ. ಆಮೇಲೆ ಹಲ್ಲುಗಳು ಉದ್ದವಾದಂತೆ ಕಂಡವು, ಮಧ್ಯೆ ಸಂದಿ ಬಿದ್ದವು. ಬೆರಳಿನಿಂದ ವಸಡು ಒತ್ತಿದರೆ ಬಿಳಿ ಹನಿ. ಮೊಮ್ಮಗಳು ಒಂದು ದಿನ ಮುತ್ತು ಕೊಡಲು ಬಂದವಳು ಮುಖ ತಿರುಗಿಸಿ, ‘ಆಯಿ, ಬಾಯಿ ವಾಸನಿ’ ಅಂದಳು. ಆ ಮಾತು ಹಲ್ಲು ವಾಲಿದ್ದಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಲವಂಗ ಅಗಿದು ಸುಮ್ಮನಾದೆ.

ನಮ್ಮವ್ವನಿಗೆ ಐವತ್ತು ತುಂಬುವುದರೊಳಗೆ ಬಾಯಿ ಬೋಡಾಗಿತ್ತು. ಹಾಗಾಗಿ ನಮ್ಮ ವಂಶಕ್ಕೇ ಹಲ್ಲು ಗಟ್ಟಿಯಿಲ್ಲ ಎಂದು ಮನಸ್ಸು ಮಾಡಿಕೊಂಡಿದ್ದೆ. ಅವ್ವ ಮಿಶ್ರಿ ಹಚ್ಚುತ್ತಿದ್ದಳು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಸಂಜೆ ವಸಡಿಗೆ ತಿಕ್ಕಿಕೊಂಡು ಗೋಡೆಗೊರಗಿ ಕೂರುವುದು ಅವಳ ಸುಖ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಹಾಕಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ. ಆದರೆ ಮನೆಯ ಹಂಚಿನ ಮೇಲೆ ಹುರಿಯುವುದಕ್ಕೆ ಯಾವ ನಿಷೇಧ ತಟ್ಟುತ್ತದೆ? ನಮ್ಮ ಕಡೆ ಈಗಲೂ ಹಚ್ಚುವವರು ಇದ್ದಾರೆ. ಹಲ್ಲು ಗಟ್ಟಿಯಾಗುತ್ತದೆ ಅನ್ನುತ್ತಾರೆ, ಗಟ್ಟಿಯಾಗುವುದು ಚಟ.

ಹಲ್ಲು ವಾಲಿದ ಮರುದಿನ ಒಂದು ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಐದು ನಿಮಿಷ ನೋಡಿ, ಹಿಂದಿನ ಎರಡು ದವಡೆ ಹಲ್ಲು ಅಲ್ಲಾಡುತ್ತವೆ ಎಂದು ಅಲ್ಲೇ ಕಿತ್ತರು. ಉಳಿದವೂ ಇವತ್ತಲ್ಲ ನಾಳೆ ಹೋಗುವವೇ, ಎಲ್ಲಾ ಕಿತ್ತು ಸೆಟ್ ಹಾಕಿಸಿಕೊಳ್ಳಿ ಎಂದು ಚೀಟಿಯ ಹಿಂದೆ ಖರ್ಚು ಬರೆದುಕೊಟ್ಟರು. ಎಕ್ಸ್‌ರೇ ಇಲ್ಲ, ಅಳತೆ ಇಲ್ಲ, ಶುಗರ್ ಇದೆಯೇ ಎಂಬ ಪ್ರಶ್ನೆಯೂ ಇಲ್ಲ. ಶುಗರ್ ಕೇಳದೆ ಹಲ್ಲು ಕೀಳಬಾರದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗಾಯ ಮಾಯಲು ಮೂರು ವಾರ ಹಿಡಿಯಿತು.

ಬೆಳಗಾವಿಯ ಡೆಂಟಲ್ ಕಾಲೇಜಿಗೆ ಹೋಗು ಎಂದವಳು ನನ್ನ ಹತ್ತಿರ ಕೆಲಸ ಮಾಡುವ ಹೆಣ್ಣುಮಗಳು. ಅವಳ ಮಗನ ಹಲ್ಲಿಗೆ ಅಲ್ಲೇ ತಂತಿ ಹಾಕಿದ್ದರು. ಬಸ್ಸಿಗೆ ಆಧಾರ್ ತೋರಿಸಿದರೆ ಆಯಿತು. ಶಕ್ತಿ ಯೋಜನೆ ಇರದಿದ್ದರೆ ನಾನು ಹನ್ನೊಂದು ಸಲ ಹೋಗಿ ಬರುತ್ತಿರಲಿಲ್ಲ, ಇದನ್ನು ಯಾರೇನೇ ಅಂದರೂ ಹೇಳುತ್ತೇನೆ.

ಅಲ್ಲಿ ನನ್ನ ಬಾಯಿ ನೋಡಿದವಳು ಬಾಗಲಕೋಟೆ ಕಡೆಯ ಹುಡುಗಿ, ವಸಡಿನ ವಿಭಾಗದಲ್ಲೇ ದೊಡ್ಡ ಓದು ಓದುತ್ತಿದ್ದವಳು. ಅವಳ ಕೈಯಲ್ಲಿ ಒಂದು ತೆಳ್ಳನೆಯ ಕಡ್ಡಿ. ಸೂಜಿಯಲ್ಲ, ತುದಿ ಮೊಂಡು; ಮೈಮೇಲೆ ಮಿಲಿಮೀಟರಿನ ಗೆರೆಗಳು. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾ ಒಂದೊಂದೇ ಅಂಕಿ ಕೂಗುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬ ಹುಡುಗ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ‘ಮೂರು, ಎರಡು, ಮೂರು. ನಾಲ್ಕು, ಐದು, ಐದು. ಆರು, ಏಳು, ಆರು, ರಕ್ತ.’ ರಕ್ತ ಬಂದ ಕಡೆಯೆಲ್ಲ ಅವನು ಕೆಂಪು ಚುಕ್ಕೆ ಇಟ್ಟ. ಆಗ ನನ್ನ ಬಾಯಲ್ಲಿ ಇದ್ದದ್ದು 26 ಹಲ್ಲು. ಒಂದೊಂದಕ್ಕೆ ಆರು ಕಡೆ ಅಳತೆ, ಒಟ್ಟು 156 ಅಂಕಿ. ರೊಟ್ಟಿಯ ಲೆಕ್ಕ ಬರೆದೂ ಬರೆದೂ ರೂಢಿಯಾದ ನನಗೆ ಆ ಹಾಳೆ ನೋಡಿದ ಕೂಡಲೇ ಅರ್ಥವಾಯಿತು. ಸಾಲ ಎಲ್ಲೆಲ್ಲಿ ಬಾಕಿಯಿದೆ ಎಂದು ಖಾತೆ ತೆಗೆದು ತೋರಿಸಿದಂತಿತ್ತು.

ಆರೋಗ್ಯದ ವಸಡಿನಲ್ಲಿ ಆ ಕಡ್ಡಿ ಒಂದರಿಂದ ಮೂರು ಮಿಲಿಮೀಟರ್ ಇಳಿದು ನಿಲ್ಲಬೇಕು, ರಕ್ತ ಬರಬಾರದು. ನಾಲ್ಕಕ್ಕೆ ಹೋದರೆ ಅಲ್ಲಿ ಜೇಬು ಆಗಿದೆ ಎಂದು ಅರ್ಥ. ಜೇಬೇ ಸರಿಯಾದ ಮಾತು: ಒಳಗೆ ಏನು ಬಿತ್ತೋ ಹೊರಗೆ ಬರುವುದಿಲ್ಲ, ಬ್ರಷ್ಷಿನ ಕೂದಲು ಅಷ್ಟು ಕೆಳಗೆ ಮುಟ್ಟುವುದೂ ಇಲ್ಲ.

ಹೇಗೆ ಆಗುತ್ತದೆಂದು ಅವಳು ಹೇಳಿದ್ದನ್ನು ನಾನು ನನ್ನ ಪರಾತಕ್ಕೆ ಹೋಲಿಸಿಕೊಂಡೆ. ಹಿಟ್ಟು ನಾದಿದ ಕೂಡಲೇ ಪರಾತಕ್ಕೆ ನೀರು ಚಿಮುಕಿಸಿ ಒರೆಸಿದರೆ ಬೆರಳಿಗೇ ಬಂದುಬಿಡುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಕೆರೆಯಬೇಕು. ಹಲ್ಲಿನ ಬುಡದಲ್ಲಿ ದಿನಾ ಕೂರುವುದು ಮೆತ್ತನೆಯ ಬಿಳಿ ಲೋಳೆ. ಅದು ಅನ್ನದ ಅಗುಳಲ್ಲ, ಜೀವ ಇರುವ ಸೂಕ್ಷ್ಮಾಣುಗಳು ಕಟ್ಟಿಕೊಂಡ ಪದರ. ಬ್ರಷ್ಷಿನಿಂದ ಹೋಗುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಲು ಹತ್ತುತ್ತದೆ. ಗಟ್ಟಿಯಾದದ್ದು ಯಾವ ಬ್ರಷ್ಷಿಗೂ, ಯಾವ ಪೇಸ್ಟಿಗೂ, ನಿಮ್ಮ ಲವಂಗದೆಣ್ಣೆಗೂ ಜಗ್ಗುವುದಿಲ್ಲ. ನಾವು ‘ಪಾಚಿ’ ಅನ್ನುತ್ತೇವೆ, ಆದರೆ ಅದು ಕಲ್ಲು. ಅದರ ಒರಟು ಮೈಮೇಲೆ ಮತ್ತೆ ಲೋಳೆ ಕೂರುತ್ತದೆ. ವಸಡು ಊದಿ, ಮುಟ್ಟಿದರೆ ರಕ್ತ. ಇಲ್ಲಿಯ ತನಕ ಎಲ್ಲವೂ ತಿರುಗಿ ಸರಿಯಾಗುವಂಥದ್ದು. ಮುಂದೆ ಅದು ಕೆಳಕ್ಕೆ ಇಳಿದು ಹಲ್ಲು ಹಿಡಿದ ಎಲುಬಿಗೆ ತಗಲಿದರೆ, ಹೋದ ಎಲುಬು ತಾನಾಗಿ ಬರುವುದಿಲ್ಲ.

ಎಲುಬನ್ನು ಆ ಸೂಕ್ಷ್ಮಾಣುಗಳು ತಿನ್ನುತ್ತವೆ ಎಂದು ತಿಳಿದಿದ್ದೆ. ಹಾಗಲ್ಲವಂತೆ. ‘ಅಕ್ಕಾರ, ಕಳ್ಳ ಒಳಗ ಹೊಕ್ಕಾನಂತ ಹಿಡಿಯಾಕ ಬಂದ ಮಂದೀನ ಗ್ವಾಡಿ ಕೆಡವಿಧಂಗ’ ಅಂದಳು ಆ ಹುಡುಗಿ. ಸೂಕ್ಷ್ಮಾಣುವಿನ ಮೇಲೆ ನಮ್ಮ ಮೈಯೇ ಹೂಡುವ ಜಗಳದಲ್ಲಿ ಎಲುಬು ಕರಗುತ್ತದೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ನಮೂನೆ. ಅಷ್ಟೇ ಪಾಚಿ ಇದ್ದರೂ ಒಬ್ಬರಿಗೆ ಹಲ್ಲು ಗಟ್ಟಿ, ಇನ್ನೊಬ್ಬರಿಗೆ ನಲವತ್ತಕ್ಕೇ ಸಡಿಲು.

ಹಾಳೆ ತುಂಬಿದ ಮೇಲೆ ಅವಳು ಕೇಳಿದ ಮೊದಲ ಮಾತು: ‘ಅಕ್ಕಾರ, ಶುಗರ್ ಚೆಕ್ ಮಾಡಿಸೀರೇನು?’

‘ಹಲ್ಲಿಗೂ ಶುಗರಿಗೂ ಏನ ಸಂಬಂಧ ತಂಗಿ?’

‘ಮಾಡಿಸ್ಕೊಂಡ ಬರ್ರಿ, ಆಮ್ಯಾಲೆ ಹೇಳ್ತೀನಿ.’

ಮೂರು ತಿಂಗಳ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯಲ್ಲಿ 9.4 ಬಂತು. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ. ನನಗೆ ಇದೆ ಎಂಬುದೇ ಗೊತ್ತಿರಲಿಲ್ಲ. ಕಾಲು ಉರಿದರೆ ಒಲೆಯ ಕಾವು, ಬಾಯಾರಿದರೆ ಅದೂ ಒಲೆಯ ಕಾವು, ಎಲ್ಲದಕ್ಕೂ ಒಲೆಯೇ ಗುನ್ನೆಗಾರ. ಶುಗರ್ ಹೆಚ್ಚಿದ್ದರೆ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡಿನ ಉರಿಯೂತ ಶುಗರನ್ನು ಇಳಿಯಗೊಡುವುದಿಲ್ಲ. ಎರಡೂ ಒಂದಕ್ಕೊಂದು ಕೈ ಹಿಡಿದಿರುತ್ತವೆ. ಗುಳಿಗಿ, ನಡಿಗೆ, ವಸಡಿನ ಚಿಕಿತ್ಸೆ ಎಲ್ಲ ಸೇರಿ ಆರು ತಿಂಗಳಿಗೆ 7.3ಕ್ಕೆ ಬಂದೆ. ಎಲ್ಲಾ ವಸಡಿನಿಂದಲೇ ಇಳಿಯಿತು ಅಂತ ಊರೆಲ್ಲ ಹೇಳಬೇಡಿ ಎಂದು ಆ ಹುಡುಗಿಯೇ ತಾಕೀತು ಮಾಡಿದಳು. ವಸಡಿನ ಚಿಕಿತ್ಸೆಯ ಪಾಲು ಸುಮಾರು 0.3ರಿಂದ 0.5ರಷ್ಟು ಮಾತ್ರ, ಉಳಿದದ್ದು ಗುಳಿಗಿಯದು, ಪಥ್ಯದ್ದು.

ಇನ್ನು ಚಿಕಿತ್ಸೆ. ಮೊದಲು ಎರಡು ಸಲ ಸ್ಕೇಲಿಂಗ್, ನಾವು ಕ್ಲೀನಿಂಗ್ ಅನ್ನುವುದು. ಅದರ ಮೇಲೆ ನಮ್ಮ ಮಂದಿಗೆ ಇರುವ ಅನುಮಾನ ದೊಡ್ಡದು. ‘ಕ್ಲೀನಿಂಗ್ ಮಾಡಸಬ್ಯಾಡ, ಎಲ್ಲಾ ಅಳ್ಳಾಡಾಕ ಹತ್ತತಾವ’ ಎಂದು ವೈನಿ ಬಸ್‌ಸ್ಟ್ಯಾಂಡಿನ ತನಕ ಬಂದು ಹೇಳಿದ್ದರು. ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಸಾಯುವುದಿಲ್ಲ. ಮಷಿನ್ನಿನ ತುದಿ ಸೆಕೆಂಡಿಗೆ ಸುಮಾರು 25,000ದಿಂದ 30,000 ಸಲ ಅದುರುತ್ತದೆ, ಜೊತೆಗೆ ನೀರು ಚಿಮ್ಮುತ್ತದೆ. ಕಲ್ಲು ಒಡೆದು ಬರುತ್ತದೆ, ಹಲ್ಲನ್ನು ಅರೆಯುವುದಿಲ್ಲ. ನನಗೆ ನೋಡಬೇಕೆನಿಸಿ ಒಂದು ಚೂರು ಕೈಮೇಲೆ ಹಾಕಿಸಿಕೊಂಡೆ. ಜೋಳದ ಕಾಳಿನ ಅರ್ಧದಷ್ಟು, ಒಂದು ಬದಿ ಹಳದಿ, ವಸಡಿನ ಒಳಗಿದ್ದ ಬದಿ ಕರ್ರಗೆ, ತವೆಗೆ ಹತ್ತಿದ ಸೀಕಿನಂತೆ. ಒಳಗಿನ ರಕ್ತ ಸೇರಿ ಆ ಕಪ್ಪು ಬರುತ್ತದಂತೆ. ಇಂಥವು ಕೆಳಗಿನ ಮುಂದಿನ ನಾಲ್ಕು ಹಲ್ಲನ್ನು ಒಳಗಡೆಯಿಂದ ಗಾರೆ ಹಾಕಿದಂತೆ ಒಂದಕ್ಕೊಂದು ಕಟ್ಟಿ ಹಿಡಿದಿದ್ದವು. ಗಾರೆ ಹೋದ ಮೇಲೆ ಹಲ್ಲು ಅಲ್ಲಾಡಿದ್ದು ನಿಜ. ಊತ ಇಳಿದು ಸಂದಿ ಕಿಂಡಿಯಾಗಿ ಕಂಡದ್ದೂ ನಿಜ. ಹತ್ತು ದಿನ ತಣ್ಣೀರು ಜುಂ ಅಂದದ್ದೂ ನಿಜ. ಆದರೆ ಎಲುಬು ಕ್ಲೀನಿಂಗಿನ ದಿನ ಹೋದದ್ದಲ್ಲ, ಏಳು ವರ್ಷದಲ್ಲಿ ಹೋದದ್ದು. ಬಿದ್ದ ಗೋಡೆಯ ಮುಂದೆ ಕಟ್ಟಿದ ಪರದೆ ಸರಿಸಿದವರನ್ನು ಗೋಡೆ ಬೀಳಿಸಿದವರು ಎಂದ ಹಾಗೆ.

ಒಂದು ತಿಂಗಳು ಬಿಟ್ಟು ಮತ್ತೆ ಅದೇ ಕಡ್ಡಿ, ಅದೇ ಅಂಕಿ. ನಾಲ್ಕು ಇದ್ದವು ಬಹಳಷ್ಟು ಮೂರಾಗಿದ್ದವು, ಕೆಂಪು ಚುಕ್ಕೆ ಅರ್ಧಕ್ಕರ್ಧ ಕಡಿಮೆ. ಆರು ಏಳು ಇದ್ದ ಕಡೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ಡೀಪ್ ಕ್ಲೀನಿಂಗ್ ಮಾಡಿದರು. ಒಂದು ವಾರ ಬಲಗಡೆ, ಮುಂದಿನ ವಾರ ಎಡಗಡೆ. ಇದರಲ್ಲಿ ಮಷಿನ್ನಿಗಿಂತ ಕೈಕೆಲಸ ಹೆಚ್ಚು. ಸಣ್ಣ ಕೊಕ್ಕೆಯಂಥ ಹತಾರದಿಂದ ಹಲ್ಲಿನ ಬೇರನ್ನು ಕೆರೆದು ನುಣುಪು ಮಾಡುತ್ತಾರೆ, ‘ಕರ್ ಕರ್’ ಅನ್ನುವುದು ಕಿವಿಯೊಳಗೇ ಕೇಳುತ್ತದೆ. ನೋವಿಲ್ಲ, ಸದ್ದೇ ಹೆದರಿಸುತ್ತದೆ. ಗುಳಿಗಿ ಕೊಡು ತಂಗಿ, ಇಷ್ಟು ಕೆರೆಯುವುದೇಕೆ ಅಂದೆ. ‘ಗುಳಿಗಿಲಿಂದ ಕಲ್ಲ ಕರಗೂದಿಲ್ರೀ ಅಕ್ಕಾರ’ ಅಂದಳು. ಔಷಧದಂಗಡಿಯಲ್ಲಿ ಹಲ್ಲಿಗೆಂದು ಮೂರು ದಿನದ ಆ್ಯಂಟಿಬಯಾಟಿಕ್ ತೆಗೆದುಕೊಂಡು ವರ್ಷ ತಳ್ಳುವವರು ಈ ಒಂದು ಮಾತನ್ನು ಬರೆದಿಟ್ಟುಕೊಳ್ಳಬೇಕು.

ಎಡಗಡೆ ಕೆಳಗೆ ಎರಡು ಹಲ್ಲಿನ ಹತ್ತಿರ ಮಾತ್ರ ಏಳು ಏಳಾಗಿಯೇ ಉಳಿಯಿತು. ಅಲ್ಲಿಗೆ ವಸಡಿನ ಆಪರೇಷನ್, ಫ್ಲ್ಯಾಪ್ ಅನ್ನುತ್ತಾರೆ. ಗೋವಿನಜೋಳದ ತೆನೆಯ ಸಿಪ್ಪೆ ಸರಿಸಿದ ಹಾಗೆ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಬೇರು ತೊಳೆದು, ಸಿಪ್ಪೆಯನ್ನು ಮತ್ತೆ ಅದರ ಜಾಗಕ್ಕೆ ತಂದು ಹೊಲಿಯುವುದು. ಒಂದು ಹಲ್ಲಿನ ಬದಿಗೆ ಎಲುಬು ಗುಂಡಿಯಂತೆ ಕುಸಿದಿತ್ತು, ಅಲ್ಲಿ ಎಲುಬಿನ ಪುಡಿ ತುಂಬಿದರು. ಎಲ್ಲಾ ಕಡೆ ತುಂಬಿರಿ ಅಂದೆ. ಸುತ್ತ ಗೋಡೆಯಿರುವ ಗುಂಡಿಯಾದರೆ ಪುಡಿ ನಿಲ್ಲುತ್ತದೆ, ನೆಲವೇ ಸಮನಾಗಿ ಕೆಳಗಿಳಿದ ಕಡೆ ನಿಲ್ಲುವುದಿಲ್ಲ ಎಂದು ಅವರ ಸರ್ ಬಂದು ಎಕ್ಸ್‌ರೇ ಹಿಡಿದು ತೋರಿಸಿದರು. ಹೊಲಿಗೆಯ ಮೇಲೆ ಗುಲಾಬಿ ಬಣ್ಣದ, ಥೇಟ್ ನಾದಿದ ಹಿಟ್ಟಿನಂಥ ಒಂದು ಪಟ್ಟಿ. ವಾರದ ಮೇಲೆ ಹೊಲಿಗೆ ಬಿಚ್ಚಿದರು. ಆ ವಾರ ಪೂರ್ತಿ ತಣ್ಣಗಿನ ಅಂಬಲಿ, ಮೆತ್ತನೆಯ ನುಚ್ಚು. ರೊಟ್ಟಿ ಮಾಡುವವಳು ರೊಟ್ಟಿಯ ವಾಸನೆ ಕುಡಿದುಕೊಂಡು ನುಚ್ಚು ಉಣ್ಣುವುದು ಎಂಥ ಶಿಕ್ಷೆ ಎಂದು ನನ್ನ ಸೊಸೆಯನ್ನು ಕೇಳಿ.

ವಾಲಿದ್ದ ಆ ಮುಂದಿನ ಹಲ್ಲು ಉಳಿಯಲಿಲ್ಲ. ಅದರ ಅಕ್ಕಪಕ್ಕದವನ್ನು ಒಳಗಡೆಯಿಂದ ಸಣ್ಣ ತಂತಿಯಿಂದ ಒಂದಕ್ಕೊಂದು ಕಟ್ಟಿ, ಮೇಲೆ ಹಲ್ಲಿನ ಬಣ್ಣದ ಸಿಮೆಂಟು ಮೆತ್ತಿದ್ದಾರೆ. ಮೊದಲಿದ್ದದ್ದು ಪಾಚಿಯ ಗಾರೆ, ಈಗಿನದು ಡಾಕ್ಟರ ಗಾರೆ.

ಇನ್ನೊಂದು ನಗೆಪಾಟಲಿನ ಸಂಗತಿ ಬರೆಯದೆ ಮನಸ್ಸು ತಡೆಯದು. ಆಪರೇಷನ್ ಆದ ಮೇಲೆ ಬ್ರಷ್ ಮಾಡುವಂತಿಲ್ಲವಲ್ಲ, ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಎರಡು ವಾರಕ್ಕೆ ಕೊಟ್ಟಿದ್ದರು. ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ರುಚಿ ಹೋಗುತ್ತದೆ, ಆಮೇಲೆ ಸರಿಯಾಗುತ್ತದೆ ಎಂದು ಹೇಳಿಯೇ ಕೊಟ್ಟಿದ್ದರು. ಹೋದದ್ದು ಮುಖ್ಯವಾಗಿ ಉಪ್ಪಿನ ರುಚಿ. ಅದು ತಿಳಿಯದೆ ಶೇಂಗಾ ಚಟ್ನಿಗೆ ಎಂದಿನಂತೆ ನಾನೇ ಉಪ್ಪು ನೋಡಿದೆ. ಸಪ್ಪೆ ಅನ್ನಿಸಿತು, ಹಾಕಿದೆ. ಮತ್ತೂ ಸಪ್ಪೆ, ಮತ್ತೂ ಹಾಕಿದೆ. ಕಿತ್ತೂರಿನ ಒಂದು ಮದುವೆ ಮನೆಯಿಂದ ಐದು ಕಿಲೋ ಚಟ್ನಿ ಹಾಗೇ ವಾಪಸ್ ಬಂತು. ನಿಮ್ಮ ಓದುಗರಲ್ಲಿ ಅಡುಗೆಯವರು ಇದ್ದರೆ ಆ ಎರಡು ವಾರ ಉಪ್ಪು ನೋಡುವ ಕೆಲಸ ಬೇರೆಯವರಿಗೆ ಕೊಡಿ. ಆ ನೀರನ್ನು ಬಾಯಿ ಘಮಘಮ ಇರಲೆಂದು ತಿಂಗಳುಗಟ್ಟಲೆ ಮುಕ್ಕಳಿಸುವವರೂ ಇದ್ದಾರೆ. ಅದು ಅದಕ್ಕೆ ಮಾಡಿದ ಔಷಧವಲ್ಲ.

ನಮ್ಮ ಯಜಮಾನರ ಮಾತು ಬೇರೆ. ‘ನನಗ ಒಂದ ಹನಿ ರಕ್ತ ಬರೂದಿಲ್ಲ, ನನ್ನ ವಸಡಿ ಕಬ್ಬಿಣ’ ಅನ್ನುತ್ತಿದ್ದರು. ದಿನಕ್ಕೊಂದು ಕಟ್ಟು ಬೀಡಿ. ಜೊತೆಗೆ ಬಂದ ತಪ್ಪಿಗೆ ಅವರನ್ನೂ ಕುರ್ಚಿಯ ಮೇಲೆ ಕೂರಿಸಿದರೆ ಎಂಟು ಮಿಲಿಮೀಟರಿನ ಜೇಬು ಸಿಕ್ಕಿತು. ಬೀಡಿ, ಸಿಗರೇಟಿನ ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿಯುವುದರಿಂದ ರಕ್ತ ಕಾಣುವುದಿಲ್ಲ, ಒಳಗಿನ ಕೆಲಸ ನಡೆದೇ ಇರುತ್ತದೆ. ಸೇದುವವರಿಗೆ ರಕ್ತವೆಂಬ ಗಂಟೆಯೂ ಬಾರಿಸುವುದಿಲ್ಲ. ಚಿಕಿತ್ಸೆ ಕೊಟ್ಟರೂ ಗಾಯ ಬೇಗ ಕೂಡುವುದಿಲ್ಲವಂತೆ. ಅವರು ಬೀಡಿ ಬಿಟ್ಟಿಲ್ಲ, ಕಾಲೇಜಿಗೆ ಬರುವುದನ್ನು ಬಿಟ್ಟಿದ್ದಾರೆ. ನಮ್ಮ ಓಣಿಯ ಒಬ್ಬರು ಹಿರಿಯರಿಗೆ ಬಿಪಿಗೆ ತಿನ್ನುವ ಅಮ್ಲೋಡಿಪಿನ್ ಗುಳಿಗಿಯಿಂದ ವಸಡು ಹಲ್ಲಿನ ಅರ್ಧದ ತನಕ ಬೆಳೆದು ಬಂದಿತ್ತು. ಬಿಪಿ ಡಾಕ್ಟರು ಗುಳಿಗಿ ಬದಲಿಸಿ, ಇಲ್ಲಿ ಕ್ಲೀನಿಂಗ್ ಮಾಡಿದ ಮೇಲೆ ಇಳಿಯಿತು. ಗುಳಿಗಿಯನ್ನು ನಾವೇ ಬಿಡಬಾರದು, ಕೇಳಬೇಕು.

ಖರ್ಚು ಕೇಳುತ್ತಾರೆ ಎಲ್ಲರೂ. ಹನ್ನೊಂದು ಸಲ ಹೋಗಿ ಬಂದದ್ದರ ಒಟ್ಟು ಖರ್ಚು, ಎಲ್ಲಾ ಕಿತ್ತು ಸೆಟ್ ಹಾಕಲು ಆ ಕ್ಲಿನಿಕ್ಕಿನವರು ಚೀಟಿಯ ಹಿಂದೆ ಬರೆದದ್ದರ ಅರ್ಧಕ್ಕಿಂತ ಕಡಿಮೆ. ಆದರೆ ಕಾಲೇಜಿನಲ್ಲಿ ಹೊತ್ತು ಬಹಳ ಹೋಗುತ್ತದೆ. ಕಲಿಯುವ ಹುಡುಗರು ಒಂದೊಂದು ಹೆಜ್ಜೆಗೂ ಸರ್ ಬಂದು ನೋಡಲೆಂದು ಕಾಯುತ್ತಾರೆ, ನಾವು ಬಾಯಿ ತೆರೆದುಕೊಂಡು ಕಾಯುತ್ತೇವೆ. ಹೊತ್ತಿಲ್ಲದವರು ಊರಿನ ಒಳ್ಳೆಯ ಡಾಕ್ಟರ ಹತ್ತಿರವೇ ಹೋಗಲಿ, ಕುರ್ಚಿಯ ಮೇಲೆ ಕೂತ ಕೂಡಲೇ ‘ವಸಡಿನ ಅಳತೆ ತೆಗೀತೀರೇನ್ರಿ?’ ಎಂದು ಒಂದು ಮಾತು ಕೇಳಲಿ. ಅಳತೆ ಇಲ್ಲದೆ ಕೀಳುವ ಮಾತು ಬಂದರೆ ಎದ್ದು ಬರಲಿ.

ಮನೆಯಲ್ಲಿ ಈಗ ನಾನು ಮಾಡುವುದು ಇಷ್ಟು: ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ಹೊತ್ತು, ರಾತ್ರಿ ಮಲಗುವ ಮುಂದೆ ತಪ್ಪದೆ. ಸಂದಿಗಳಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಒಂದು ಸಣ್ಣ ಬ್ರಷ್. ಮೂರು ತಿಂಗಳಿಗೊಮ್ಮೆ ಬೆಳಗಾವಿ. ಮೊದಲ ವಾರ ರಕ್ತ ಬಂದರೂ ಬಿಡದೆ ತಿಕ್ಕಬೇಕು ಎಂದು ಹೇಳಿದಾಗ ನನಗೆ ಧೈರ್ಯ ಸಾಲಲಿಲ್ಲ. ಆಗ ಆ ಹುಡುಗಿ ಹಳೆಯದೊಂದು ಪ್ರಯೋಗದ ಕಥೆ ಹೇಳಿದಳು. 1965ರಲ್ಲಿ ಡೆನ್ಮಾರ್ಕ್ ದೇಶದ ಆರ್ಹಸ್ ಎಂಬ ಊರಿನಲ್ಲಿ ಹ್ಯಾರಲ್ಡ್ ಲೋ ಎಂಬ ಡಾಕ್ಟರು, ಜೊತೆಯವರು ಸೇರಿ, ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ತಿಕ್ಕುವುದನ್ನೇ ನಿಲ್ಲಿಸಲು ಹೇಳಿದರಂತೆ. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡವು. ಮತ್ತೆ ತಿಕ್ಕಲು ಹಚ್ಚಿದಾಗ ಒಂದು ವಾರದ ಆಸುಪಾಸಿನಲ್ಲಿ ಎಲ್ಲರದೂ ಮೊದಲಿನಂತಾದವು. ಆ ಡೆನ್ಮಾರ್ಕಿನಲ್ಲಿ ಒಲೆಯ ಮುಂದೆ ಕೂತವರು ಯಾರೂ ಇರಲಿಲ್ಲ, ಉಷ್ಣದ ಮಾತೇ ಇಲ್ಲ. ನಾನು ಅವತ್ತಿನಿಂದ ಮಜ್ಜಿಗೆಯನ್ನು ಮಜ್ಜಿಗೆ ಎಂದೇ ಕುಡಿಯುತ್ತಿದ್ದೇನೆ.

ಸರ್ಕಾರಕ್ಕೂ ಒಂದು ಮಾತು, ನಿಮ್ಮ ಪತ್ರಿಕೆ ಮೂಲಕವೇ ಆಗಲಿ. ಹಲ್ಲು ಹೋದ ಬಡ ಹಿರಿಯರಿಗೆ ಪುಕ್ಕಟೆ ಸೆಟ್ ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದಿದೆ; ಒಳ್ಳೆಯದೇ. ಆದರೆ ಬಾಯಿ ಬೋಡಾಗುವ ತನಕ ಕಾಯುವುದೇಕೆ? 30 ದಾಟಿದವರಿಗೆ ಬಿಪಿ, ಶುಗರ್ ನೋಡುವ, ಬಾಯಿಯ ಕ್ಯಾನ್ಸರ್ ಇದೆಯೇ ಎಂದು ಬಾಯಿ ತೆರೆಸಿ ನೋಡುವ ತಪಾಸಣೆ ಸರ್ಕಾರದ್ದೇ ಇದೆ. ನಮ್ಮ ಮನೆಗೆ ಬಂದ ಆಶಾ ಕಾರ್ಯಕರ್ತೆ ತಂಬಾಕು ಕೇಳಿದಳು, ಬಾಯಿ ಹುಣ್ಣು ಕೇಳಿದಳು. ತೆರೆಸಿದ ಬಾಯಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಲು ಏನು ಖರ್ಚು? ‘ಹಲ್ಲ ತಿಕ್ಕಿದಾಗ ರಕ್ತ ಬರತೈತೇನು, ಹಲ್ಲ ಅಳ್ಳಾಡತಾವೇನು?’ ಹೌದು ಅಂದವರನ್ನು ಶುಗರ್ ಪರೀಕ್ಷೆಗೂ, ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೂ ಕಳಿಸಲಿ. ಶುಗರ್ ಇರುವವರಿಗೆ ಕಣ್ಣು ತೋರಿಸಿ, ಕಾಲು ತೋರಿಸಿ ಅನ್ನುವವರು ವಸಡನ್ನೂ ತೋರಿಸಿ ಅನ್ನಲಿ. ಬಸುರಿ ಹೆಣ್ಣುಮಕ್ಕಳಿಗೂ ವಸಡು ಊದುವುದು ಹೆಚ್ಚು. ಆ ಹೊತ್ತಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಎಂಬ ಹೆದರಿಕೆ ನಮ್ಮಲ್ಲಿದೆ. ಕ್ಲೀನಿಂಗಿಗೆ ಭಯವಿಲ್ಲ ಎಂದು ತಾಯಿ ಕಾರ್ಡು ಬರೆಯುವ ಸಿಸ್ಟರೇ ಹೇಳಿದರೆ ನಂಬುತ್ತಾರೆ.

ನಿಮ್ಮ ಪುರವಣಿಯವರಲ್ಲಿ ಕೇಳುವುದು ಇಷ್ಟೇ: ಅದೇ ಮೂಲೆಯಲ್ಲಿ, ಅಷ್ಟೇ ಅಂಗೈಯಗಲದಲ್ಲಿ, ರಕ್ತ ಬಂದರೆ ಬ್ರಷ್ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಅಳತೆ ಮಾಡಿಸಿ ಎಂದು ಹಾಕಿ. ಉಪ್ಪುನೀರು ಇರಲಿ, ಅದರಿಂದ ಕೆಡುಕೇನಿಲ್ಲ. ಅದೊಂದನ್ನೇ ನಂಬಿ ಏಳು ವರ್ಷ ಕೂರುವಂತಾಗಬಾರದು.

ನಮ್ಮ ವೈನಿ ನಿಮ್ಮ ಆ ತುಣುಕನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ ಹಚ್ಚಿ ಇಟ್ಟಿದ್ದಾರೆ. ಅವರು ಎದುರಿಗೆ ಕೂತು ನಕ್ಕಾಗಲೆಲ್ಲ ಕೆಳಗಿನ ಹಲ್ಲುಗಳ ಬುಡದಲ್ಲಿ ಕರಿ ಗೆರೆ ನನಗೆ ಕಾಣುತ್ತದೆ. ಮೊನ್ನೆ ಉಗುಳುವಾಗ ಬೇಗ ಬೇಗ ನೀರು ಬಿಟ್ಟರು, ಅದೂ ಕಂಡಿತು. ನಾನು ಹೇಳಿದರೆ ಕೇಳುವವರಲ್ಲ. ಪೇಪರಿನಲ್ಲಿ ಬಂದರೆ ಕೇಳುತ್ತಾರೆ. ಈ ಪತ್ರ ಹಾಕುವುದಿದ್ದರೆ ಬನದ ಹುಣ್ಣಿಮೆಗಿಂತ ಮೊದಲು ಹಾಕಿ. ಆಮೇಲೆ ರೊಟ್ಟಿಯ ಸೀಸನ್ನು, ಅವರಿಗೂ ಬಿಡುವಿಲ್ಲ, ನನಗೂ ಅವರನ್ನು ಬಸ್ಸು ಹತ್ತಿಸಲು ಆಗುವುದಿಲ್ಲ.

ನಿಮ್ಮ ಓದುಗಳು,
ರೊಟ್ಟಿ ಕೇಂದ್ರದವಳು, ಬೈಲಹೊಂಗಲ
(ಹೆಸರು ಹಾಕಬೇಡಿ, ಕಿತ್ತೂರಿನ ಚಟ್ನಿಯವರು ಇನ್ನೂ ಸಿಟ್ಟಿನಲ್ಲಿದ್ದಾರೆ)